ಹಿಂದುಮುಂದಾದ ಮೂರು ಹೆಂಚು: ಸಂತ ಫಿಲೋಮಿನಾ ಕಥೆಯ ಗೋಜಲು

ಮೈಸೂರಿನ ಜೋಡಿ ಗೋಪುರಗಳ ಸಂತ ಫಿಲೋಮಿನಾ ಚರ್ಚಿನ ಮಾತು ಬಂದಾಗ ಒಬ್ಬರಲ್ಲ ಒಬ್ಬರು ಎತ್ತುವ ಪ್ರಶ್ನೆಯಿದೆ: ಫಿಲೋಮಿನಾ ಎಂಬ ಸಂತಳೇ ಇರಲಿಲ್ಲವಂತೆ, ರೋಮಿನ ಕ್ಯಾಥೊಲಿಕ್ ಧರ್ಮಸಭೆ ಆಕೆಯನ್ನು ಕೈಬಿಟ್ಟಿತಂತೆ, ನಿಜವೇ? ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು.

1802ರ ಮೇ 25ರಂದು ರೋಮ್ ನಗರದ ಸಲಾರಿಯಾ ರಸ್ತೆಯ ಕೆಳಗಿರುವ ಪ್ರಿಸಿಲ್ಲಾ ಭೂಗತ ಸಮಾಧಿಗಳಲ್ಲಿ ಹೆಣವಿಡುವ ಒಂದು ಗೂಡನ್ನು ತೆರೆಯಲಾಯಿತು. ಅದರ ಬಾಯಿಗೆ ಮೂರು ಸುಟ್ಟ ಮಣ್ಣಿನ ಹೆಂಚುಗಳಿದ್ದವು. ಅವುಗಳ ಮೇಲೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳು; ಜೊತೆಗೆ ‘ಲುಮೆನಾ’, ‘ಪಾಕ್ಸ್ ತೆ’, ‘ಕುಮ್ ಫಿ’ ಎಂಬ ಅಕ್ಷರಗಳು. ಹಾಗೇ ಓದಿದರೆ ಅರ್ಥವಿಲ್ಲ. ಮೊದಲ ಹೆಂಚನ್ನು ಕೊನೆಗಿಟ್ಟರೆ ‘ಪಾಕ್ಸ್ ತೇಕುಮ್ ಫಿಲುಮೆನಾ’, ಅಂದರೆ ‘ಫಿಲುಮೆನಾ, ನಿನಗೆ ಶಾಂತಿ’. ಒಳಗೆ ಎಳೆಯ ಹುಡುಗಿಯ ಮೂಳೆಗಳು, ಒಂದು ಗಾಜಿನ ಕುಡಿಕೆ. ತಾಳೆಗರಿ ಮತ್ತು ಕುಡಿಕೆ ಕಂಡರೆ ರಕ್ತಸಾಕ್ಷಿಯ, ಅಂದರೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರ, ಸಮಾಧಿ ಎಂದು ನಿರ್ಧರಿಸುವುದು ಆಗಿನ ರೂಢಿ. 1805ರಲ್ಲಿ ಅಸ್ಥಿಗಳು ನೇಪಲ್ಸ್ ಸಮೀಪದ ಮುನ್ಯಾನೊ ಊರನ್ನು ಸೇರಿದವು. ಹರಕೆ, ಪವಾಡ, ಯಾತ್ರೆ ಶುರುವಾದವು.

ಇಷ್ಟರವರೆಗೆ ಇದ್ದದ್ದು ಹೆಸರು ಮಾತ್ರ. ಹೆಸರಿನ ಹಿಂದೆ ಕಥೆ ಇರಲಿಲ್ಲ. ಅದು ನೇಪಲ್ಸಿನ ಸನ್ಯಾಸಿನಿಯೊಬ್ಬರಿಗೆ ಆದ ದರ್ಶನಗಳಿಂದ ಬಂತು. 1833ರ ಹೊತ್ತಿಗೆ ಪ್ರಚಾರಕ್ಕೂ ಬಂತು. ಅದರ ಪ್ರಕಾರ ಫಿಲೋಮಿನಾ ಗ್ರೀಸಿನ ರಾಜಕುಮಾರಿ. ಹದಿಮೂರರ ಹುಡುಗಿಯನ್ನು ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಮದುವೆಯಾಗಲು ಬಯಸಿದ. ಆಕೆ ಒಪ್ಪಲಿಲ್ಲ. ಕೊರಳಿಗೆ ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರು, ದೇವದೂತರು ಹಗ್ಗ ಕತ್ತರಿಸಿದರು. ಬಾಣ ಬಿಟ್ಟರು, ಬಾಣಗಳು ಬಿಟ್ಟವರಿಗೇ ತಿರುಗಿದವು. ಕೊನೆಗೆ ತಲೆ ಕಡಿದರು. ಹೆಂಚಿನ ಮೇಲೆ ಏನೇನಿತ್ತೋ ಅದೆಲ್ಲ ಕಥೆಯಲ್ಲೂ ಬಂದದ್ದನ್ನು ಗಮನಿಸಬೇಕು. ಆದಿ ಕ್ರೈಸ್ತರಿಗೆ ಲಂಗರು ಭರವಸೆಯ ಗುರುತಾಗಿತ್ತು, ಹಿಂಸೆಯ ಸಾಧನವಲ್ಲ.

ಆದರೆ ಭಕ್ತಿ ಕಥೆಯೊಂದನ್ನೇ ನೆಚ್ಚಿಕೊಂಡು ಬೆಳೆಯಲಿಲ್ಲ. 1835ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಪೌಲೀನ್ ಜಾರಿಕೊ ಎಂಬ ಭಕ್ತೆ ಮುನ್ಯಾನೊದಲ್ಲಿ ಕಾಯಿಲೆಯಿಂದ ಗುಣಮುಖರಾದರು. ಅದೇ ದೇಶದ ಆರ್ಸ್ ಊರಿನ ಪಾದ್ರಿ ಜಾನ್ ವಿಯಾನ್ನಿ ತಮ್ಮಿಂದಾದವೆಂದು ಜನ ಹೇಳುತ್ತಿದ್ದ ಪವಾಡಗಳನ್ನೆಲ್ಲ ಫಿಲೋಮಿನಾಳ ಲೆಕ್ಕಕ್ಕೇ ಬರೆದರು. 1837ರಲ್ಲಿ ಹದಿನಾರನೆಯ ಗ್ರೆಗರಿ ಪೋಪರು ಆಕೆಯ ಹಬ್ಬಕ್ಕೆ ಅನುಮತಿ ಕೊಟ್ಟರು. ಅದು ಸಂತಪದವಿಯ ವಿಧಿವತ್ತಾದ ಘೋಷಣೆಯಲ್ಲ. ರೋಮಿನ ರಕ್ತಸಾಕ್ಷಿಗಳ ಅಧಿಕೃತ ಪಟ್ಟಿಯಲ್ಲಿ ಆಕೆಯ ಹೆಸರು ಎಂದೂ ಸೇರಲಿಲ್ಲ. ಗೊಂದಲದ ಬೇರು ಇಲ್ಲಿದೆ.

1904ರಲ್ಲಿ ಪುರಾತತ್ತ್ವಜ್ಞ ಒರಾಜಿಯೊ ಮಾರುಕ್ಕಿ ಬೇರೆಯೇ ವಾದ ಮಂಡಿಸಿದರು. ಹೆಂಚುಗಳು ಎರಡನೆಯ ಶತಮಾನದವು, ಸಮಾಧಿ ನಾಲ್ಕನೆಯ ಶತಮಾನದ್ದು. ಹಳೆಯ ಗೋರಿಯ ಹೆಂಚುಗಳನ್ನು ಮತ್ತೆ ಬಳಸಿದ್ದಾರೆ, ಹೆಸರು ಒಳಗಿರುವವಳದಲ್ಲ ಎಂದು ತಿಳಿಸಲೆಂದೇ ಹಿಂದುಮುಂದಾಗಿ ಜೋಡಿಸಿದ್ದಾರೆ. ಭಕ್ತರಿಗೆ ಇದು ಒಪ್ಪಿಗೆಯಾಗಲಿಲ್ಲ. ಗಾರೆಯವನು ಅವಸರದಲ್ಲಿ ಹೆಂಚುಗಳನ್ನು ತಪ್ಪಾಗಿ ಜೋಡಿಸಿದ ಎನ್ನುವುದಕ್ಕಿಂತ ನನಗಂತೂ ಇದೇ ಹೆಚ್ಚು ನಂಬುವ ಹಾಗೆ ಕಾಣುತ್ತದೆ. ಹಾಗೆಂದು ಒಳಗೊಬ್ಬ ಹುಡುಗಿ ಇದ್ದದ್ದು ಸುಳ್ಳಾಗುವುದಿಲ್ಲ.

ಈ ಜಗಳದ ಸದ್ದು ಮೈಸೂರಿನ ಉತ್ಸಾಹವನ್ನು ತಗ್ಗಿಸಲಿಲ್ಲ. 1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿ ಟಿ.ಆರ್.ಎ. ತಂಬುಚೆಟ್ಟಿಯವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಫಿಲೋಮಿನಾಳ ಪವಿತ್ರ ಅವಶೇಷವನ್ನು ಪಡೆದರು. ಹಳೆಯ ಚರ್ಚಿದ್ದ ಜಾಗದಲ್ಲೇ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಚರ್ಚಿಗೆ ಶಂಕುಸ್ಥಾಪನೆ ಮಾಡಿದರು. 175 ಅಡಿಯ ಗೋಪುರಗಳೆದ್ದವು. 1946ರಲ್ಲಿ ಮೈಸೂರಿನಲ್ಲಿ, 1958ರಲ್ಲಿ ಪುತ್ತೂರಿನಲ್ಲಿ ಆಕೆಯ ಹೆಸರಿನ ಕಾಲೇಜುಗಳೂ ಬಂದವು.

ಮೂರೇ ವರ್ಷದಲ್ಲಿ, 1961ರ ಫೆಬ್ರವರಿ 14ರಂದು, ಫಿಲೋಮಿನಾ ಹಬ್ಬವನ್ನು ಚರ್ಚಿನ ಹಬ್ಬಗಳನ್ನು ಗುರುತಿಸುವ ಎಲ್ಲ ಪೂಜಾ ಪಂಚಾಂಗಗಳಿಂದ ತೆಗೆಯಬೇಕೆಂಬ ಸೂಚನೆ ರೋಮಿನಿಂದ ಹೊರಟಿತು. ಪಂಚಾಂಗ ಸುಧಾರಣೆಯ ಕಾಗದಪತ್ರದ ನಡುವಿನ ಒಂದು ಸಾಲು ಅದು. ಆಕೆ ಇರಲಿಲ್ಲವೆಂದು ಅದು ಹೇಳಿರಲಿಲ್ಲ, ಖಾಸಗಿಯಾಗಿ ಪ್ರಾರ್ಥಿಸಬಾರದೆಂದೂ ಹೇಳಿರಲಿಲ್ಲ. ಅದನ್ನು ಜನರಿಗೆ ಬಿಡಿಸಿ ಹೇಳುವ ಕೆಲಸ ಮಾತ್ರ ಸರಿಯಾಗಿ ಆಗಲಿಲ್ಲ. ‘ಹಬ್ಬ ತೆಗೆದರು’ ಎಂಬುದು ಬಾಯಿಂದ ಬಾಯಿಗೆ ದಾಟುತ್ತ ‘ಸಂತಳನ್ನೇ ತೆಗೆದರು’ ಎಂದಾಯಿತು. ಮುನ್ಯಾನೊಗೆ ಯಾತ್ರಿಕರು ಈಗಲೂ ಹೋಗುತ್ತಾರೆ. ಮೈಸೂರಿನ ಆ ಚರ್ಚು, ಅಲ್ಲಿನ ಪ್ರಧಾನಾಲಯ, ಇಂದಿಗೂ ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾ ಇಬ್ಬರ ಹೆಸರಿನಲ್ಲಿದೆ, ಅವಶೇಷ ನೆಲಮಾಳಿಗೆಯಲ್ಲಿದೆ.