ಗಂಟನ್ನು ಒಣಗಿಸಿ ಕಡೆಯಬೇಡಿ, ಕಡೆದು ಒಣಗಿಸಿ

ಮಳೆಗಾಲದಲ್ಲಿ ತೋಟದಲ್ಲಿ ಉರುಳಿದ ಮರಗಳನ್ನು ಕೊಯ್ಸುವ ಹೊತ್ತಿಗೆ ನಮ್ಮ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಶೆಡ್ಡಿಗೆ ಗಂಟುಗಳು, ಅಂದರೆ ಮರದ ಮೈಮೇಲೆ ಗಡ್ಡೆಯ ಹಾಗೆ ಉಬ್ಬಿ ಬೆಳೆದ ಭಾಗಗಳು, ಬರಲು ಶುರುವಾಗುತ್ತವೆ. ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಕಡೆಯಿಂದ ಜೀಪಿನಲ್ಲಿ ಹಾಕಿಕೊಂಡು ತರುತ್ತಾರೆ. ಹಲಸಿನದು, ಹೊನ್ನೆಯದು, ಅಪರೂಪಕ್ಕೆ ಸಿಲ್ವರ್ ಓಕಿನದು. ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು. "ಇನ್ನೂ ಹಸಿ ಇದೆ. ಎರಡು ವರ್ಷ ಕೊಟ್ಟಿಗೇಲಿ ಒಣಗಿಸಿ ತರ್ತೀನಿ, ಒಂದು ಹೂಜಿ ಮಾಡಿಕೊಡಿ." ನಾನು ಬೇಡ ಅನ್ನುತ್ತೇನೆ. ಹಸಿ ಇರುವಾಗಲೇ ಇಲ್ಲೇ ಬಿಟ್ಟು ಹೋಗಿ ಅನ್ನುತ್ತೇನೆ.

ಕಾರಣ ಗಂಟಿನ ಒಳಗಿದೆ. ಸಾಮಾನ್ಯ ಮರದಲ್ಲಿ ಎಳೆ ಬುಡದಿಂದ ತುದಿಗೆ ನೇರ ಹೋಗುತ್ತದೆ. ಒಣಗುವಾಗ ಅದು ಉದ್ದಕ್ಕೆ ಕುಗ್ಗುವುದು ಇಲ್ಲವೆಂದೇ ಹೇಳಬಹುದು. ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ತಿರುಳಿನಿಂದ ತೊಗಟೆಯ ಕಡೆಗೆ ಕಮ್ಮಿ, ಉಂಗುರದ ಸುತ್ತ ಅದರ ಸುಮಾರು ಎರಡರಷ್ಟು. ಗಂಟಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅರಳದೇ ಉಳಿದ ನೂರಾರು ಮೊಗ್ಗುಗಳ ಸುತ್ತ ಎಳೆ ಸುತ್ತಿಕೊಂಡಿರುತ್ತದೆ. ಬೆರಳಗಲ ಜಾಗದಲ್ಲೇ ಅದು ದಿಕ್ಕು ಬದಲಿಸುತ್ತದೆ. ಒಂದು ಕಡೆ ಎಳೆಯುತ್ತದೆ, ಪಕ್ಕದ್ದು ಬಿಡುವುದಿಲ್ಲ. ಇಡೀ ಗಂಟನ್ನು ಹಾಗೇ ಇಟ್ಟರೆ ಹೊರಮೈ ಮೊದಲು ಒಣಗಿ ಕುಗ್ಗಲು ನೋಡುತ್ತದೆ. ಒಳಗಿನ ಹಸಿ ಭಾಗ ಅದಕ್ಕೆ ಜಾಗ ಕೊಡುವುದಿಲ್ಲ. ಸೀಳು ಬೀಳುವುದು ಅಲ್ಲಿಂದ. ಎರಡು ವರ್ಷ ಬಿಟ್ಟು ನೋಡಿದರೆ ಹೊರಗೆ ಸೀಳು, ನಡುವೆ ಇನ್ನೂ ತೇವ.

ಕಾಫಿಯವರಿಗೆ ಇದನ್ನು ಹೇಳುವುದು ಸುಲಭ. ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಸಿಪ್ಪೆ ಇನ್ನೂ ಇರುವ ಕಾಫಿ ಬೀಜ) ಕಣದಲ್ಲಿ ಹರಡಿದ ಮೊದಲ ದಿನಗಳಲ್ಲಿ ನಡುಮಧ್ಯಾಹ್ನದ ಬಿಸಿಲಿಗೆ ಬಿಡುವುದಿಲ್ಲ, ಮುಚ್ಚುತ್ತಾರೆ. ಬಿಟ್ಟರೆ ಆ ಒಳಸಿಪ್ಪೆ ಸೀಳುತ್ತದೆ. ಗಂಟಿನದೂ ಅದೇ ಕಥೆ. ಆದರೆ ಇನ್ನೊಂದು ಕಡೆ ಇದೇ ಕಾಫಿ ಅನುಭವ ದಾರಿ ತಪ್ಪಿಸುತ್ತದೆ. ಪಾರ್ಚ್‌ಮೆಂಟಿಗೆ ಶೇ 10 ತೇವ ಅಂದರೆ ಒಟ್ಟು ತೂಕದಲ್ಲಿ ಹತ್ತನೇ ಒಂದು ಪಾಲು ನೀರು. ಮರದ ತೇವವನ್ನು ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಹಸಿ ಮರದಲ್ಲಿ ಶೇ 100ಕ್ಕಿಂತ ಜಾಸ್ತಿಯೂ ಬರಬಹುದು. ಇದು ಗೊತ್ತಿಲ್ಲದೆ ತೇವ ಅಳೆಯುವ ಮೀಟರ್ ಕೆಟ್ಟಿದೆ ಅಂದುಕೊಂಡವರಿದ್ದಾರೆ. ಮುಳ್ಳು ಚುಚ್ಚುವ ಮೀಟರನ್ನು ನಾನಂತೂ ಹಸಿ ಗಂಟಿಗೆ ನಂಬುವುದಿಲ್ಲ. ಶೇ 30 ದಾಟಿದ ಮೇಲೆ ಅದು ತೋರಿಸುವುದು ಬರೀ ಅಂದಾಜು. ಮರ ಕುಗ್ಗಲು ಶುರುವಾಗುವುದೂ ತೇವ ಸುಮಾರು ಆ ಶೇ 30ಕ್ಕೆ ಇಳಿದ ಮೇಲೆಯೇ. ಅದಕ್ಕೂ ಮೊದಲು ಹೋಗುವುದು ಕೊಳವೆಗಳಲ್ಲಿ ತುಂಬಿಕೊಂಡ ನೀರು ಮಾತ್ರ.

ಅದಕ್ಕೇ ಹಸಿಯಲ್ಲೇ ಒಳಗನ್ನು ತೆಗೆದುಬಿಡಬೇಕು. ತೆಳು ಗೋಡೆಗೆ ಒಳಗೂ ಹೊರಗೂ ಗಾಳಿ ಸಿಗುತ್ತದೆ. ಎಳೆದಾಡಲು ನಡುವೆ ಹಸಿ ಮುದ್ದೆ ಉಳಿಯುವುದಿಲ್ಲ. ಒಣಗುವಾಗ ಹೂಜಿ ಸೀಳುವ ಬದಲು ಸೊಟ್ಟಗಾಗುತ್ತದೆ.

ಇದಕ್ಕೆ ದಾರಿ ಎರಡು. ಅಡ್ಡಳತೆ 20 ಸೆಂಟಿಮೀಟರಿನೊಳಗೆ ಇದ್ದರೆ ನಾನು ಒಂದೇ ಸಲಕ್ಕೆ 4–5 ಮಿಲಿಮೀಟರ್ ಗೋಡೆಗೆ ಇಳಿಸಿಬಿಡುತ್ತೇನೆ. ಅದಕ್ಕಿಂತ ದೊಡ್ಡದಾದರೆ ಮೊದಲು ದಪ್ಪಗೆ, ಅಡ್ಡಳತೆಯ ಹತ್ತನೇ ಒಂದರಷ್ಟು ಗೋಡೆ ಬಿಟ್ಟು ಕಡೆಯುತ್ತೇನೆ. 25 ಸೆಂಟಿಮೀಟರಿನ ಹೂಜಿಗೆ 25 ಮಿಲಿಮೀಟರ್. ಒಣಗಿ ಸೊಟ್ಟಗಾದ ಮೇಲೆ ಮತ್ತೆ ಲೇತಿಗೆ ಕಟ್ಟಿ ಸರಿಮಾಡುವುದು. ಚಕ್ (ಮರವನ್ನು ಕಚ್ಚಿ ಹಿಡಿಯುವ ಲೇತಿನ ಹಿಡಿ) ಹಿಡಿಯುವ ಬುಡವೂ ಅಷ್ಟರಲ್ಲಿ ಅಂಡಾಕಾರವಾಗಿರುತ್ತದೆ. ಅಲ್ಲಿ ಮರ ಧಾರಾಳವಾಗಿ ಬಿಟ್ಟಿರಬೇಕು. ಬಾಯಿ ಕಿರಿದಾದ ಹೂಜಿಗೆ ಈ ಎರಡನೇ ದಾರಿ ಕಷ್ಟದ್ದೇ. ಆದರೂ ದೊಡ್ಡ ಗಂಟಿಗೆ ಬೇರೆ ಧೈರ್ಯ ಮಾಡಬೇಡಿ.

ಒಳಗನ್ನು ತೆಗೆಯುವಾಗ ಗೋಡೆಯ ದಪ್ಪ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲ ಕಡೆ ಒಂದೇ ಸಮ ಇದೆಯೇ ಅನ್ನುವುದು ಮುಖ್ಯ. ಹೊಟ್ಟೆಯ ಹತ್ತಿರ 4, ಬುಡದಲ್ಲಿ 15 ಮಿಲಿಮೀಟರ್ ಬಿಟ್ಟರೆ ಸೀಳು ಬುಡದಿಂದಲೇ ಏಳುತ್ತದೆ. ಮೊದಲು ಹೊರ ಆಕಾರ ಮುಗಿಸಿ, ನಡುವೆ ಬೇಕಾದ ಆಳಕ್ಕೆ ತೂತು ಕೊರೆಯಬೇಕು. ಆಮೇಲೆ ಬಾಯಿಯ ಕಡೆಯಿಂದ ಎರಡು ಬೆರಳಷ್ಟು ಆಳ ಪೂರ್ತಿ ಮುಗಿಸಿಯೇ ಕೆಳಗೆ ಇಳಿಯಬೇಕು. ಕೆಳಗೆ ದಪ್ಪ ಮರ ಇರುವತನಕ ಮೇಲಿನ ಗೋಡೆ ಅದುರುವುದಿಲ್ಲ. ಒಮ್ಮೆ ದಾಟಿ ಬಂದ ಜಾಗಕ್ಕೆ ಮತ್ತೆ ಉಳಿ ಹಾಕಲು ಹೋಗಬೇಡಿ. ಅಷ್ಟರಲ್ಲಿ ಅದು ಆಗಲೇ ಆಕಾರ ಬದಲಿಸಿರುತ್ತದೆ, ಉಳಿ ಕಚ್ಚಿಕೊಳ್ಳುತ್ತದೆ. ಒಳಗೆ ಹೊಟ್ಟು ತುಂಬಿಕೊಂಡರೂ ಹಾಗೇ. ಆಗಾಗ ಲೇತ್ ನಿಲ್ಲಿಸಿ ತೆಗೆಯಿರಿ. ಮಾರ್ಚಿನ ಒಣಗಾಳಿಯಲ್ಲಿ ಕೆಲಸ ಮಾಡುವಾಗ ಪಕ್ಕದಲ್ಲಿ ನೀರಿನ ಸ್ಪ್ರೇ ಇರಲಿ. ಊಟಕ್ಕೆ ಎದ್ದರೆ ಹೂಜಿಗೆ ಪ್ಲಾಸ್ಟಿಕ್ ಸುತ್ತಿಯೇ ಏಳಿ.

ಗಂಟಿನಲ್ಲಿ ತೊಗಟೆ ಒಳಸೇರಿದ ಪೊಳ್ಳುಗಳು ಇದ್ದೇ ಇರುತ್ತವೆ. ತಿರುಗುವಾಗ ಚೂರು ಹಾರಬಹುದು. ಪೂರ್ತಿ ಮುಖ ಮುಚ್ಚುವ ಶೀಲ್ಡ್ ಇಲ್ಲದೆ ಲೇತ್ ಹಾಕಬೇಡಿ, ಗಂಟು ತಿರುಗುವ ನೇರಕ್ಕೆ ನಿಲ್ಲಬೇಡಿ. ಶುರುವಿನಲ್ಲಿ ವೇಗ ನಿಮಿಷಕ್ಕೆ 300–400 ಸುತ್ತು ಸಾಕು. ಸಿಲ್ವರ್ ಓಕ್ ಮತ್ತು ಬೀಟೆಯ ಹುಡಿಗೆ ಕೆಲವರ ಚರ್ಮ ತುರಿಸಿ ಕೆಂಪಾಗುತ್ತದೆ, ಮಾಸ್ಕ್ ಬೇಕೇ ಬೇಕು. ಬೀಟೆ ಗಂಟು ತಂದವರ ಹತ್ತಿರ ನಾನು ಮೊದಲು ಕೇಳುವುದು ಅರಣ್ಯ ಇಲಾಖೆಯ ಅನುಮತಿ ಕಾಗದ.

ಈಗ ಒಣಗಿಸುವ ವಿಷಯ. ಪುಸ್ತಕಗಳು ಹೇಳುವುದು ಹೀಗೆ: ಕಡೆದದ್ದನ್ನು ಅದರದೇ ಹೊಟ್ಟಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿಡಿ. ಮಲೆನಾಡಿನ ಆಷಾಢದಲ್ಲಿ ಹಾಗೆ ಮಾಡಿದರೆ ವಾರದಲ್ಲಿ ಬೂಷ್ಟು. ಹಲಸಿನ ಬಿಳಿ ಭಾಗವಂತೂ ಕಪ್ಪಿಡುತ್ತದೆ. ಮಳೆಗಾಲದಲ್ಲಿ ನಾನು ಹಸಿ ಹೊಟ್ಟು ಹಾಕುವುದೇ ಇಲ್ಲ. ಒಣ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೊದಲ ವಾರ ದಿನಾ ಪೇಪರ್ ಬದಲಿಸುತ್ತೇನೆ. ಬಾಯಿಯ ಅಂಚಿಗೂ ಬುಡಕ್ಕೂ ಕರಗಿಸಿದ ಮೇಣ ಹಚ್ಚುತ್ತೇನೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದಲ್ವಾ ಅಂತ ಅಲ್ಲಿಡುವವರಿದ್ದಾರೆ. ನೇರ ಮರದ ಹಲಗೆಗೆ ಸರಿ, ಗಂಟಿಗೆ ಅದು ಜಾಸ್ತಿ ಬಿಸಿ.

ದಪ್ಪಗೆ ಕಡೆದದ್ದನ್ನು ಕುದಿಸುವುದೂ ಒಳ್ಳೆಯ ಉಪಾಯ. 25 ಮಿಲಿಮೀಟರ್ ಗೋಡೆಗೆ ಒಂದು ಗಂಟೆ, ಆಮೇಲೆ ನೀರಿನಲ್ಲೇ ತಣಿಯಲು ಬಿಡಬೇಕು. ಒಳಗಿನ ಬಿಗಿ ಸಡಿಲವಾಗಿ ಸೀಳುವುದು ಕಮ್ಮಿಯಾಗುತ್ತದೆ. ಕಬ್ಬಿಣದ ಪಾತ್ರೆ ಮಾತ್ರ ಬೇಡ, ಮರದ ಒಗರು ಕಬ್ಬಿಣಕ್ಕೆ ತಾಗಿದರೆ ಮಸಿ ಬಣ್ಣ ಬರುತ್ತದೆ. ಹೊನ್ನೆಯ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ.

ಒಣಗಿತೋ ಇಲ್ಲವೋ ಅಂತ ತಕ್ಕಡಿ ಹೇಳುತ್ತದೆ. ಶೇ 80 ತೇವದ ಹೂಜಿ 1.8 ಕಿಲೋ ತೂಗಿದರೆ ಅದರಲ್ಲಿ 800 ಗ್ರಾಂ ನೀರು. ಶೇ 12ಕ್ಕೆ ಬಂದಾಗ 1.12 ಕಿಲೋ ಇರುತ್ತದೆ. ವಾರಕ್ಕೊಮ್ಮೆ ತೂಗಿ ಬುಡದ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ. ಆದರೆ ಎಲ್ಲಿಯ ಗಾಳಿಗೆ? ಮಳೆಗಾಲದಲ್ಲಿ ಗಾಳಿಯ ತೇವ ಶೇ 90 ಇರುವಾಗ ಮರ ಸುಮಾರು ಶೇ 20ರಲ್ಲಿ ನಿಂತುಬಿಡುತ್ತದೆ. ಗಾಳಿಯ ತೇವ ಶೇ 50 ಇರುವ ಕಡೆ ಅದೇ ಮರ ಶೇ 9ಕ್ಕೆ ಇಳಿಯುತ್ತದೆ. ಮೂಡಿಗೆರೆಯಲ್ಲಿ ಆಗಸ್ಟಿನಲ್ಲಿ 'ಒಣಗಿದ' ಹೂಜಿ ಬೆಂಗಳೂರಿನ ಎ.ಸಿ. ರೂಮಿನಲ್ಲಿ ಟಪ್ ಅಂತ ಸೀಳುವುದು ಇದಕ್ಕೇ. ಮಳೆಗಾಲದಲ್ಲಿ ಕಡೆದದ್ದನ್ನು ನಾನು ಫೆಬ್ರವರಿ ದಾಟುವವರೆಗೆ ಮಾರುವುದಿಲ್ಲ. ಉಪ್ಪುಕಾಗದ ಹಾಕುವುದೂ ಆಮೇಲೆಯೇ. ಹಸಿ ತೆಳು ಗೋಡೆಗೆ ತಿಕ್ಕಿದ ಬಿಸಿಯೇ ಸಾಕು, ಕೂದಲೆಳೆಯಂಥ ಬಿರುಕು ಬರುತ್ತದೆ.

ಒಣಗಿದ ಮೇಲೂ ಅದು ಗುಂಡಗಿರುವುದಿಲ್ಲ, ಮೈಯೂ ಸ್ವಲ್ಪ ಸುಕ್ಕಾಗಿರುತ್ತದೆ. ಬೇಲೂರಿನ ದೇವಸ್ಥಾನದಲ್ಲಿ ಕಡೆದ ಕಂಬ ನೋಡಿ ಬಂದವರು ಅಷ್ಟು ನುಣುಪು ಯಾಕಿಲ್ಲ ಅಂತ ಕೇಳುತ್ತಾರೆ. ಅದು ಬಳಪದ ಕಲ್ಲು, ಮರದ ಹಾಗೆ ಕುಗ್ಗುವುದಿಲ್ಲ. ನನಗೆ ಈ ಸುಕ್ಕೇ ಇಷ್ಟ. ಸುಮ್ನೆ ಗುಂಡಗೆ ಬೇಕೆಂದರೆ ನೇರ ಮರ ತನ್ನಿ, ಗಂಟು ಯಾಕೆ ಹಾಳು ಮಾಡ್ತೀರಿ?

ಕೊನೆಗೆ ಎರಡು ಮೂರು ಕೈ ಎಣ್ಣೆ. ಎಣ್ಣೆ ತೇವ ಓಡಾಡುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಕೊಳ್ಳುವವರಿಗೆ ನಾನು ಹೇಳುವುದು: ನೀರು ಹಾಕಬೇಡಿ, ಎ.ಸಿ. ಗಾಳಿ ನೇರ ಬೀಳುವ ಕಡೆ ಇಡಬೇಡಿ, ಹೂವು ಇಡಲೇಬೇಕಿದ್ದರೆ ಒಳಗೊಂದು ಗಾಜಿನ ಕೊಳವೆ ಇಳಿಸಿ.