ಹಾರುವುದು ಸುಲಭ, ಹಾರುತ್ತಲೇ ಇರುವುದು ಕಷ್ಟ

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಬತೇರಿಯ (ಕಾವಲು ಬುರುಜಿನ) ಉಪಯೋಗ ಏನೆಂದು ಹೇಳಿಕೊಡಬೇಕಿಲ್ಲ. ಬಯಲಿಗಿಂತ 100 ಮೀಟರ್ ಮೇಲೆ ನಿಂತರೆ ದಿಗಂತ ಸುಮಾರು 35 ಕಿ.ಮೀ. ದೂರದಲ್ಲಿರುತ್ತದೆ. 20,000 ಅಡಿ ಏರಿದರೆ ಅದೇ 280 ಕಿ.ಮೀ. ಆಗುತ್ತದೆ. 1794ರ ಫ್ಲೂರಸ್ ಯುದ್ಧದಲ್ಲೇ ಫ್ರೆಂಚರು ಬಲೂನ್ ಏರಿ ಶತ್ರುಪಾಳೆಯ ನೋಡಿದ್ದರು. ಆದರೆ ರಣರಂಗದ ಮೇಲೆ ಹಗಲೂ ರಾತ್ರಿ ಕಣ್ಣಿಡಬೇಕೆಂದರೆ ಲೆಕ್ಕವೇ ಬೇರೆ.

ಪೈಲಟ್ ಇಲ್ಲದ ವಿಮಾನದಿಂದ ಆ ಲೆಕ್ಕ ಬಿಡಿಸುವ ಪ್ರಯತ್ನವೊಂದು ನಡೆದದ್ದು ಚಳ್ಳಕೆರೆ ತಾಲ್ಲೂಕಿನ ರಕ್ಷಣಾ ಸಂಶೋಧನಾ ಸಂಸ್ಥೆಯ (ಡಿಆರ್‌ಡಿಒ) ಪರೀಕ್ಷಾ ವಲಯದಲ್ಲಿ. ಒಂದು ಕಾಲಕ್ಕೆ ಸೈನ್ಯದ ಫಿರಂಗಿ ಎಳೆಯುವ ಅಮೃತಮಹಲ್ ಎತ್ತುಗಳು ಮೇಯುತ್ತಿದ್ದ ಕಾವಲು ಅದು. (ಮೇವಿನ ಜಾಗ ಬೇಲಿಯೊಳಗೆ ಹೋಯಿತೆಂಬ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಆ ತಕರಾರಿನಲ್ಲಿ ಹುರುಳಿಲ್ಲ ಎನ್ನಲು ನನಗಂತೂ ಮನಸ್ಸು ಬಾರದು.) 2016ರ ನವೆಂಬರ್ 16ರಂದು ಪೈಲಟ್ ಇಲ್ಲದ ರುಸ್ತುಂ-2 ಇಲ್ಲಿಂದ ಮೊದಲ ಸಲ ಮೇಲೇರಿತು. ಹೆಸರು ವಿಮಾನ ವಿಜ್ಞಾನಿ ರುಸ್ತುಂ ದಮಾನಿಯಾ ಅವರದು. ಆಮೇಲೆ ಅದು ‘ತಪಸ್’ ಆಯಿತು.

ರೆಕ್ಕೆಯ ತುದಿಯಿಂದ ತುದಿಗೆ 20.6 ಮೀಟರ್. ಇಷ್ಟುದ್ದ ಯಾಕೆ? ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಕೆಳಗಿನ ಗಾಳಿ ತುದಿಯನ್ನು ಬಳಸಿಕೊಂಡು ಮೇಲಕ್ಕೆ ನುಗ್ಗಿ ಸುಳಿಯಾಗುತ್ತದೆ. ಆ ಸುಳಿ ಎಬ್ಬಿಸುವುದರಲ್ಲೇ ಎಂಜಿನ್ನಿನ ಶಕ್ತಿ ಸೋರಿಹೋಗುತ್ತದೆ, ನಿಧಾನವಾಗಿ ಹಾರುವಾಗಲಂತೂ ಇನ್ನೂ ಹೆಚ್ಚು. ರೆಕ್ಕೆ ನೀಳವಾದಷ್ಟೂ ಈ ನಷ್ಟ ಕಡಿಮೆ. ಹದ್ದು ರೆಕ್ಕೆ ಬಡಿಯದೆ ಗಂಟೆಗಟ್ಟಲೆ ಗಿರಕಿ ಹೊಡೆಯುವುದರಲ್ಲೂ ಅಗಲಕ್ಕೆ ಚಾಚಿದ ರೆಕ್ಕೆಯ ಪಾಲಿದೆ.

ನಿಜವಾದ ತಲೆನೋವು ತೂಕ. ಹಗಲಿನ ಕ್ಯಾಮೆರಾ, ಇರುಳಲ್ಲಿ ಶಾಖವನ್ನೇ ನೋಡುವ ಕ್ಯಾಮೆರಾ, ಮೋಡದಾಚೆಗೂ ಕಾಣುವ ರೇಡಾರ್ ಎಲ್ಲ ಹೊರಬೇಕು. ಒಂದು ಕಿಲೋ ಹೆಚ್ಚಿದರೆ ಅದನ್ನು ಎತ್ತಿ ಹಿಡಿಯಲು ಇಂಧನ ಹೆಚ್ಚು ಬೇಕು, ಆ ಇಂಧನಕ್ಕೂ ತೂಕವಿದೆ. 30,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ, ರೆಕ್ಕೆ, ಎಂಜಿನ್ ಎರಡೂ ಏದುಸಿರು ಬಿಡುತ್ತವೆ.

ನೆಲದಿಂದ ವಿಮಾನ ನಡೆಸುವ ರೇಡಿಯೋ ಸಂಪರ್ಕಕ್ಕೂ ದಿಗಂತದ ಕಾಟ ತಪ್ಪಿದ್ದಲ್ಲ, ಅದರಾಚೆ ಅಲೆ ನೇರವಾಗಿ ತಲುಪದು. 2023ರ ಜೂನ್ 16ರಂದು ಇದಕ್ಕೊಂದು ಉಪಾಯ ಮಾಡಿ ತೋರಿಸಿದರು. ಕಾರವಾರ ಇಲ್ಲಿಂದ 285 ಕಿ.ಮೀ. ಅಲ್ಲಿಂದಾಚೆ ಸಮುದ್ರದಲ್ಲಿ 148 ಕಿ.ಮೀ. ದೂರದಲ್ಲಿ ನೌಕಾಪಡೆಯ ಹಡಗು ಐಎನ್‌ಎಸ್ ಸುಭದ್ರಾ ಕಾದಿತ್ತು. ಚಳ್ಳಕೆರೆಯಿಂದ ಹೊರಟ ತಪಸ್ಸಿನ ಹತೋಟಿಯನ್ನು ಹಡಗಿನವರು 40 ನಿಮಿಷ ವಹಿಸಿಕೊಂಡು ಮರಳಿ ಒಪ್ಪಿಸಿದರು. ವಿಮಾನ ಚಳ್ಳಕೆರೆಗೇ ಬಂದಿಳಿಯಿತು. ನನ್ನ ಮಟ್ಟಿಗೆ ಇಡೀ ಯೋಜನೆಯ ಒಳ್ಳೆಯ ದಿನ ಅದೇ.

ಎರಡು ತಿಂಗಳಿಗೆ, ಆಗಸ್ಟ್ 20ರಂದು, ಇನ್ನೊಂದು ತಪಸ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿತ್ತು. ಜೀವಹಾನಿ ಆಗಲಿಲ್ಲ. ಪರೀಕ್ಷೆಯಲ್ಲಿ ಇಂಥದ್ದು ನಡೆಯುವುದೇ. 2019ರಲ್ಲೂ ಜೋಡಿಚಿಕ್ಕೇನಹಳ್ಳಿಯಲ್ಲಿ ಒಂದು ಬಿದ್ದಿತ್ತು. ತಪಸ್ ಯೋಜನೆ ಹಿಂದುಳಿದದ್ದು ಈ ಅಪಘಾತಗಳಿಂದಲ್ಲ. ಸೇನೆ ಕೇಳಿದ್ದು 30,000 ಅಡಿ, 24 ಗಂಟೆ. ಸಾಧ್ಯವಾದದ್ದು 28,000 ಅಡಿ, 18 ಗಂಟೆ. 2024ರ ಅಕ್ಟೋಬರಿನಲ್ಲಿ ಭಾರತ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ಕೊಳ್ಳಲು ಸಹಿ ಹಾಕಿತು.