ಜಲ್ಲಿ ರಾಶಿಯೊಳಗೊಂದು ಊರು

ಗಣಿ ಅಗೆದು ಪೊಳ್ಳಾದ ಕ್ಷುದ್ರಗ್ರಹದೊಳಗೆ ಜನ ವಾಸ ಮಾಡಬಹುದು ಎಂಬ ಕನಸು ಹೊಸದೇನಲ್ಲ. 1960ರ ದಶಕದಲ್ಲೇ ಅಮೆರಿಕದ ಎಂಜಿನಿಯರ್ ಡ್ಯಾಂಡ್ರಿಜ್ ಕೋಲ್ ಇದನ್ನು ಹೇಳಿದ್ದರು. ಸುತ್ತ ದಪ್ಪ ಬಂಡೆಯಿದ್ದರೆ ಕಾಸ್ಮಿಕ್ ಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಬರುವ ವಿಕಿರಣದ ಕಾಟ ತಪ್ಪುತ್ತದೆ. ಬಂಡೆಯನ್ನು ಗಿರಗಿರ ತಿರುಗಿಸಿದರೆ ಹೊರಕ್ಕೆ ತಳ್ಳಿದಂತಾಗಿ ತೂಕ ಬರುತ್ತದೆ, ಒಳಗೋಡೆಯ ಮೇಲೆ ಕಾಲೂರಿ ನಿಲ್ಲಬಹುದು. ಇದು ಬರೀ ಸುಖದ ಮಾತಲ್ಲ. ತೂಕವಿಲ್ಲದೆ ತೇಲುವ ಗಗನಯಾತ್ರಿಗಳ ಮೂಳೆ ತಿಂಗಳಿಗೆ ಶೇ. 1ರಷ್ಟು ಸವೆಯುತ್ತದೆ.

ಆದರೆ ಅಂಥ ಗಟ್ಟಿ ಬಂಡೆ ಸಿಗಬೇಕಲ್ವಾ?

2020ರ ಅಕ್ಟೋಬರ್‌ನಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ಕಲ್ಲು-ಪುಡಿಯ ಮಾದರಿ ತರಲೆಂದು ‘ಬೆನ್ನು’ ಎಂಬ ಕ್ಷುದ್ರಗ್ರಹವನ್ನು ಮುಟ್ಟಿತು. ಅದರ ಅಗಲ ಸುಮಾರು 490 ಮೀಟರ್, ತೂಕ 7 ಕೋಟಿ ಟನ್ನಿಗೂ ಜಾಸ್ತಿ. ನೌಕೆಯ ತೋಳು ತಾಗಿದ್ದೇ ತಡ, ನೆಲ ಕುಸಿದು ತೋಳು ಅರ್ಧ ಮೀಟರ್ ಒಳಗಿಳಿಯಿತು. ಸಾರಜನಕ ಊದಿ ಎಬ್ಬಿಸಿದ ಪುಡಿ, ಕಲ್ಲು ಎಷ್ಟು ತುಂಬಿಕೊಂಡಿತೆಂದರೆ, ಮುಚ್ಚಳದ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡು ಒಂದಿಷ್ಟು ಮಾಲು ಸೋರಿಯೇ ಹೋಯಿತು. 2023ರಲ್ಲಿ ಭೂಮಿ ತಲುಪಿದ್ದು 121.6 ಗ್ರಾಂ. ಅದರಲ್ಲಿ ನೀರು ಹಿಡಿದಿಟ್ಟುಕೊಂಡ ಜೇಡಿ ಖನಿಜಗಳಿದ್ದವು, ಇಂಗಾಲವಿತ್ತು. ಗಣಿಯವರಿಗೆ ಆಸೆ ಹುಟ್ಟಿಸುವ ಸರಕೇ. ಮನೆ ಕಟ್ಟುವವರಿಗೆ ಮಾತ್ರ ತಲೆನೋವು. ಬೆನ್ನು ಒಂದು ಬಂಡೆಯೇ ಅಲ್ಲ, ಸಡಿಲವಾದ ಜಲ್ಲಿ ರಾಶಿ.

ಈಗ ಅದು 4.3 ಗಂಟೆಗೊಮ್ಮೆ ತನ್ನ ಸುತ್ತ ತಿರುಗುತ್ತದೆ. ಒಳಗಿರುವವರಿಗೆ ಭೂಮಿಯ ಮೇಲಿನಷ್ಟೇ ತೂಕ ಬರಬೇಕಾದರೆ ಸುಮಾರು ಅರ್ಧ ನಿಮಿಷಕ್ಕೊಂದು ಸುತ್ತು ಬೇಕು. ಇಂಥ ರಾಶಿಗಳೋ, 2.2 ಗಂಟೆಗೊಂದು ಸುತ್ತಿನ ವೇಗ ದಾಟಿದರೇ ಚದುರತೊಡಗುತ್ತವೆ.

ಚದುರಲಿ ಬಿಡಿ ಎಂದರು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು. ಕೋವಿಡ್ ಕಾಲದಲ್ಲಿ ಕುತೂಹಲಕ್ಕೆಂದು ಶುರು ಮಾಡಿದ ಲೆಕ್ಕವನ್ನು 2022ರಲ್ಲಿ ಪ್ರಕಟಿಸಿದರು. ಕ್ಷುದ್ರಗ್ರಹಕ್ಕೆ ಮೊದಲು ಇಂಗಾಲದ ನ್ಯಾನೊ ಎಳೆಗಳಿಂದ (ಕೂದಲಿಗಿಂತ ತೀರಾ ತೆಳು, ಆದರೆ ಬಲು ಗಟ್ಟಿ) ಹೆಣೆದ ದೊಡ್ಡ ಬಲೆಚೀಲ ಹೊದಿಸಬೇಕು. ಆಮೇಲೆ ತಿರುಗಿಸಬೇಕು. ಕಲ್ಲು ಹೊರಕ್ಕೆ ಸಿಡಿಯುತ್ತದೆ, ಚೀಲ ಹಿಗ್ಗುತ್ತದೆ, ಕೊನೆಗೆ ಬಿಗಿದು ನಿಲ್ಲುತ್ತದೆ. ಸಿಡಿದ ಕಲ್ಲು ಚೀಲಕ್ಕೆ ಒತ್ತಿಕೊಂಡು ಗೋಡೆಯಾಗುತ್ತದೆ. ಹೀಗೆ ಸಿಗುವ ಒಳನೆಲ ಸುಮಾರು 57 ಚದರ ಕಿ.ಮೀ., ಹೆಚ್ಚುಕಡಿಮೆ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಷ್ಟು!

ನನಗೆ ಹಿಡಿಸಿದ್ದು ಇದರ ಜುಗ್ಗತನ. ಗಣಿಯವರು ನೀರು, ಲೋಹ ತೆಗೆದುಕೊಂಡು ಹೋಗಲಿ. ಉಳಿದ ಕಸವೇ ವಿಕಿರಣ ತಡೆಯುವ ಗೋಡೆ. ಭೂಮಿಯಿಂದ ಅಷ್ಟು ಕಲ್ಲು ಹೊತ್ತೊಯ್ಯುವುದು ಆಗದ ಮಾತು.

ಆದರೆ ಗಾಳಿಯ ವಿಷಯದಲ್ಲಿ ನನಗೆ ಧೈರ್ಯ ಸಾಲದು. ನಾವು ಉಸಿರಾಡುವ ಒತ್ತಡದಲ್ಲಿ ಗಾಳಿ ತುಂಬಿದರೆ ಅದು ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಬಲದಿಂದ ಹೊರಕ್ಕೆ ತಳ್ಳುತ್ತದೆ. ಬಲೆಗೆ ಕಲ್ಲಿನ ಭಾರದ ಜತೆ ಇದೂ ಸೇರುತ್ತದೆ. ಜಲ್ಲಿ ಗಾಳಿಯನ್ನು ತಡೆಯುವುದೂ ಇಲ್ಲ. ಒಳಗೆ ಸೋರದ ಪದರವೊಂದು ಬೇಕೇ ಬೇಕು. ಅಷ್ಟು ದೊಡ್ಡ ನ್ಯಾನೊ ಬಲೆಯನ್ನಾದರೂ ಇನ್ನೂ ಯಾರೂ ಹೆಣೆದಿಲ್ಲ.

ಚಿಕ್ಕದೊಂದು ಪ್ರಯತ್ನಕ್ಕೆ ನಾಸಾ ಹೊರಟಿತ್ತು. ಪುಟ್ಟ ಕ್ಷುದ್ರಗ್ರಹವನ್ನು ಚೀಲದಲ್ಲಿ ಹಿಡಿದು ಚಂದ್ರನ ಬಳಿಗೆ ತರುವ ಯೋಜನೆ 2013ರಲ್ಲಿ ಪ್ರಕಟವಾಯಿತು. 2015ರಲ್ಲಿ ಚೀಲ ಬಿಟ್ಟು, ದೊಡ್ಡ ಕ್ಷುದ್ರಗ್ರಹದಿಂದ ಒಂದು ಗುಂಡುಕಲ್ಲು ಎತ್ತಿ ತಂದರೆ ಸಾಕು ಎಂದಾಯಿತು. 2017ರಲ್ಲಿ ಅದೂ ರದ್ದಾಯಿತು.